ಸೀಟಿಯ ನ್ಯಾಯ

ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಕುಂಬಾರವಾಡದ ನಮ್ಮ ಮನೆಯ ಜಗಲಿಯಲ್ಲಿ ಫುಟ್‌ಬಾಲಿನ ನ್ಯಾಯಸ್ಥಾನವೊಂದು ಕೂಡುತ್ತದೆ. ಉಳವಿಯ ಬಸ್ಸು ಹೋಗಿ ಮರಳಿ ಬಂದರೂ ವಾದ ಮುಗಿಯದು. ಫಿರ್ಯಾದಿ ನಾನು, ನ್ಯಾಯಾಧೀಶರು, ಹರೆಯದಲ್ಲಿ ಗೋವೆಯಲ್ಲಿ ದುಡಿದು, ಅಲ್ಲಿಯ ಆಟದ ಹುಚ್ಚನ್ನೂ ಗಂಟುಕಟ್ಟಿಕೊಂಡು ಬಂದಿರುವ ನೆರೆಮನೆಯ ಹಿರಿಯರು.

ಈ ಸಲ ದೋಹಾದ ಪ್ರಕರಣವನ್ನೆತ್ತಿದೆ. 2024ರ ಜೂನ್ 11ರಂದು ಕತಾರಿನ ಎದುರು ಛಾಂಗ್ಟೆಯ ಗೋಲಿನಿಂದ ಭಾರತ ಮುಂದಿತ್ತು. ಗೆದ್ದಿದ್ದರೆ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳ ಮೂರನೆಯ ಸುತ್ತು ನಮ್ಮದಾಗುತ್ತಿತ್ತು. 73ನೆಯ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಹೊರಗುರುಳಿತು. ಆಟ ನಿಂತಿತೆಂದು ನಮ್ಮವರು ನಿಂತರು. ಕತಾರಿನವನೊಬ್ಬ ಅದನ್ನು ಒಳಕ್ಕೆಳೆದ, ಯೂಸುಫ್ ಐಮನ್ ಗೋಲು ಹೊಡೆದ. ರೆಫರಿ ಗೋಲೆಂದೇ ಸಾರಿದರು. ಚಿತ್ರಸಾಕ್ಷಿಯನ್ನು ಪರಿಶೀಲಿಸುವ ವ್ಯವಸ್ಥೆ ಆ ಪಂದ್ಯಕ್ಕಿರಲಿಲ್ಲ. ಕೊನೆಗೆ 1-2ರ ಸೋಲು. ವಾರದೊಳಗೆ ತರಬೇತುದಾರ ಇಗೋರ್ ಸ್ಟಿಮಾಚ್ ಕೆಲಸ ಕಳೆದುಕೊಂಡರು. ಹಗಲುದರೋಡೆಯೆಂದು ನಾನು ಕೂಗಿದೆ.

ಹಿರಿಯರು ಎಲೆ ಮಡಿಸುತ್ತ, “ಮಾಸ್ತರ, ಗುವಾಹಟಿಯೊಳಗ ಅಫ್ಘಾನಿಸ್ತಾನಕ್ಕ ಸೋತಾಗ ಯಾವ ರೆಫರಿ ಅಡ್ಡ ಬಂದಿದ್ದ?” ಎಂದರು. ಅದೇ ವರ್ಷದ ಮಾರ್ಚಿನಲ್ಲಿ, ನಮ್ಮ ನೆಲದಲ್ಲಿಯೇ, ನಮಗೆ ಪೆನಾಲ್ಟಿ ದೊರೆತು ಮುಂದಾದ ಮೇಲೂ ಸೋತಿದ್ದೆವು. ಉತ್ತರ ತೋಚಲಿಲ್ಲ. ಅಷ್ಟಕ್ಕೆ ಬಿಟ್ಟರೇ? “ಕಂಠೀರವದ ಗೋಲಿನ ದಿವಸ ಏನಂದಿದ್ರಿ?”

2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರಿಗೂ ಕೇರಳಕ್ಕೂ ಪಂದ್ಯ. 96ನೆಯ ನಿಮಿಷದಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ, ಸುನಿಲ್ ಛೇತ್ರಿ ಫ್ರೀಕಿಕ್ಕನ್ನು ಗೋಲಿಗೆ ತೂರಿದರು. ಸೀಟಿಯಾಗಿಲ್ಲವೆಂದು ಕೇರಳದ ತಕರಾರು. ಸೀಟಿ ಬೇಡವೆಂದು ಮೊದಲೇ ರೆಫರಿಗೆ ತಿಳಿಸಿದ್ದೆನೆಂದು ಛೇತ್ರಿಯ ಮಾತು. ತ್ವರಿತವಾಗಿ ಒದೆಯಲು ನಿಯಮವೇನೋ ಆಸ್ಪದ ಕೊಡುತ್ತದೆ. ಆದರೆ ರೆಫರಿ ಗೋಡೆಯನ್ನು 9.15 ಮೀಟರ್ ಹಿಂದೆ ಸರಿಸಲು ತೊಡಗಿದರೆ ಸೀಟಿಯವರೆಗೆ ಕಾಯಲೇಬೇಕು. ಕೇರಳದ ತರಬೇತುದಾರ ವುಕೊಮನೋವಿಚ್ ತಂಡವನ್ನೇ ಮೈದಾನದಿಂದ ಕರೆದೊಯ್ದರು. ಅದಕ್ಕಾಗಿ ಅವರಿಗೆ 10 ಪಂದ್ಯಗಳ ನಿಷೇಧ, ಸಂಸ್ಥೆಗೆ 4 ಕೋಟಿ ರೂಪಾಯಿ ದಂಡ. ಆಟವನ್ನು ಅರ್ಧಕ್ಕೆ ಬಿಟ್ಟುಹೋದದ್ದು ತಪ್ಪೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅದೇ ಮೈದಾನದಲ್ಲಿ ಆ ಜೂನಿನಲ್ಲಿ ಪಾಕಿಸ್ತಾನದವನ ಕೈಯಿಂದ ಚೆಂಡು ಕಸಿದು ಕೆಂಪು ಚೀಟಿ ಪಡೆದ ಸ್ಟಿಮಾಚರನ್ನು ಕಂಡು ನಾವೆಲ್ಲ ನಕ್ಕದ್ದು ಮಾತ್ರ ಬೇರೆ ಮಾತು.

ಹಿರಿಯರು ಕೇಳಿದ್ದು ಅದಲ್ಲ. ಕಂಠೀರವದ ಪಂದ್ಯದ ಮರುದಿನ ತರಗತಿಯಲ್ಲಿ ಕೇರಳ ಮೂಲದ ವಿದ್ಯಾರ್ಥಿಯೊಬ್ಬ ಸಪ್ಪಗೆ ಕುಳಿತಿದ್ದ. “ನಿಯಮ ಓದಿಕೊಂಡು ಬಾರಯ್ಯ,” ಎಂದು ಎಲ್ಲರೆದುರು ಅವನನ್ನು ಹಾಸ್ಯಮಾಡಿದ್ದೆ. ತರಗತಿ ನಕ್ಕಿತ್ತು. ಅವನು ತಲೆ ತಗ್ಗಿಸಿ, “ಸರ್, ರೆಫರಿ ಗೋಡೆ ಸರಿಸ್ತಿದ್ರು,” ಎಂದಷ್ಟೇ ಹೇಳಿದ್ದ. ಈ ಪ್ರಸಂಗವನ್ನು ಬಲು ಹೆಮ್ಮೆಯಿಂದ ಜಗಲಿಯಲ್ಲಿ ಬಣ್ಣಿಸಿದವನೂ ನಾನೇ.

ದೋಹಾದಲ್ಲಿ ಚೆಂಡು ಗೆರೆ ದಾಟಿದ್ದು ಕಣ್ಣಿಗೆ ಕಾಣುವ ಸಂಗತಿ, ಕಂಠೀರವದ್ದು ರೆಫರಿಯ ವಿವೇಚನೆ. ಎರಡೂ ಒಂದೇ ಅಲ್ಲವೆಂದು ವಾದಿಸಿ ನೋಡಿದೆ. “ಅದನ್ನ ಆ ಹುಡುಗಗ ಹೇಳ್ರಿ,” ಎಂದು ಹಿರಿಯರು ಎದ್ದರು.

ಅವನು ಪದವಿ ಮುಗಿಸಿ ಊರು ಬಿಟ್ಟಿದ್ದಾನೆ. ಫೋನ್ ನಂಬರು ಹುಡುಕುತ್ತಿದ್ದೇನೆ.