ಪಟ್ಟಿಗೆ ಹೆಸರು ಸೇರಿಸಿದರೆ ಸಾಲದು

ಇತಿಹಾಸಕಾರ್ತಿ ಗರ್ಡಾ ಲರ್ನರ್ ಬಿ.ಎ. ಮುಗಿಸಿದ್ದು 1963ರಲ್ಲಿ, 43ನೇ ವಯಸ್ಸಿಗೆ. ಅಷ್ಟರೊಳಗೆ ಇಬ್ಬರು ಮಕ್ಕಳ ತಾಯಿಯಾಗಿದ್ದರು, ಒಂದು ಕಾದಂಬರಿ ಬರೆದಿದ್ದರು, ಎಡಪಂಥೀಯ ಹೋರಾಟಗಳಲ್ಲಿ ಓಡಾಡಿದ್ದರು. ಮೂರೇ ವರ್ಷದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್.ಡಿ.ಯೂ ಕೈಸೇರಿತು.

ಅವರ ಓದು ತಡವಾದದ್ದಕ್ಕೆ ಕಾರಣ ವಿಯೆನ್ನಾದಲ್ಲಿದೆ. 1938ರಲ್ಲಿ ನಾಜಿಗಳು ಆ ಊರನ್ನು ಹಿಡಿದಾಗ, ದೇಶ ಬಿಟ್ಟಿದ್ದ ತಂದೆಯ ಆಸ್ತಿ ಬರೆಸಿಕೊಳ್ಳಲು ತಾಯಿ ಮಗಳಿಬ್ಬರನ್ನೂ ಆರು ವಾರ ಜೈಲಿಗೆ ಹಾಕಿದರು. ಹುಡುಗಿಗೆ ಹದಿನೆಂಟು ತುಂಬಿದ್ದು ಅಲ್ಲೇ. ಯಹೂದಿ ಕೈದಿಗಳಾದ ಅವರಿಗೆ ಅರೆಹೊಟ್ಟೆ ಊಟ. ಜೊತೆಗಿದ್ದ ಯಹೂದಿಯರಲ್ಲದ ಇಬ್ಬರು ರಾಜಕೀಯ ಕೈದಿಗಳು ತಮ್ಮ ಪಾಲಿನದನ್ನು ಹಂಚಿ ಉಳಿಸಿದರು. ಮರುವರ್ಷ ಒಬ್ಬಳೇ ಅಮೆರಿಕ ಸೇರಿದಳು.

ಅಲ್ಲಿ ಅವರು ಸಂಶೋಧನೆಗೆ ಆರಿಸಿಕೊಂಡದ್ದು ದಕ್ಷಿಣ ಕೆರೊಲಿನಾದ ಗ್ರಿಮ್ಕೆ ಸೋದರಿಯರನ್ನು: ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯಲ್ಲೇ ಹುಟ್ಟಿ, ಗುಲಾಮಗಿರಿಯ ವಿರುದ್ಧ ಸಭೆಗಳಲ್ಲಿ ಮಾತಾಡಿದವರು. 1972ರಲ್ಲಿ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಮಹಿಳಾ ಇತಿಹಾಸದ ಎಂ.ಎ. ಆರಂಭಿಸಿದರು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಮುಂದೆ ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ವಿಭಾಗವನ್ನೂ ಕಟ್ಟಿದರು.

ನನಗೆ ಅವರ ಹುದ್ದೆಗಳಿಗಿಂತ 1975ರ ಒಂದು ಪ್ರಬಂಧ ಮುಖ್ಯ. ಅದರಲ್ಲಿ ಅವರು ಹೇಳುವಂತೆ, ಬಿಟ್ಟುಹೋದ ಹೆಸರಾಂತ ಹೆಂಗಸರನ್ನು ಹುಡುಕಿ ಸೇರಿಸುವುದು ನಷ್ಟ ತುಂಬುವ ಚರಿತ್ರೆ. ಗಂಡಸರು ನಡೆಸಿದ ಚಳವಳಿಗೆ ಹೆಂಗಸರು ಏನು ಕೊಟ್ಟರೆಂದು ಲೆಕ್ಕ ಹಾಕುವುದು ಕೊಡುಗೆಯ ಚರಿತ್ರೆ. ಎರಡೂ ಬೇಕು, ಆದರೆ ಎರಡರಲ್ಲೂ ಅಳತೆಗೋಲು ಗಂಡಸಿನದೇ ಎಂದರು ಲರ್ನರ್. ನಮ್ಮ ಪಠ್ಯಗಳನ್ನು ನೋಡಿ: ಅಬ್ಬಕ್ಕ, ಚೆನ್ನಮ್ಮ ಬಂದಿದ್ದಾರೆ, ಬರಲೇಬೇಕಿತ್ತು. ನಾಟಿ ಹಾಕಿದವಳು, ಸೂಲಗಿತ್ತಿ, ಬೀಡಿ ಕಟ್ಟಿದವಳು ಯಾವ ಅಧ್ಯಾಯದಲ್ಲಿದ್ದಾರೆ? ಆಳಿದವರನ್ನೂ ಕಾದಿದವರನ್ನೂ ಮಾತ್ರ ಎಣಿಸುವ ಚರಿತ್ರೆಯಲ್ಲಿ ಹೆಣ್ಣಿಗೂ ಕತ್ತಿ ಹಿಡಿದರೇನೇ ಜಾಗ.

ಪಿತೃಪ್ರಭುತ್ವದ ಹುಟ್ಟನ್ನು ಮೆಸೊಪೊಟೇಮಿಯಾದಲ್ಲಿ ಹುಡುಕಿದ 1986ರ ಗ್ರಂಥದಿಂದ ಅವರಿಗೆ ಹೆಚ್ಚು ಹೆಸರು ಬಂತು. ಅದು ಧೈರ್ಯದ ಪುಸ್ತಕವೇ ಸರಿ. ಆದರೂ ಎರಡೂವರೆ ಸಾವಿರ ವರ್ಷಗಳನ್ನು ಒಂದೇ ಎಳೆಯಲ್ಲಿ ಪೋಣಿಸುವಾಗ ಊಹೆ ಪುರಾವೆಗಿಂತ ಮುಂದೆ ಓಡುತ್ತದೆ. ಕಪ್ಪು ಮಹಿಳೆಯರ ಪತ್ರ, ಭಾಷಣ, ಸಾಕ್ಷ್ಯಗಳನ್ನು ಒಟ್ಟುಮಾಡಿದ 1972ರ ಸಂಕಲನದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಮಾತಾಡುವವರು ಆ ಮಹಿಳೆಯರೇ. ಲರ್ನರ್ ಅವರನ್ನು ಓದಬೇಕೆನ್ನುವವರು ಅಲ್ಲಿಂದಲೇ ಶುರುಮಾಡಲಿ.