ಹಗೇವಲ್ಲಿ ದೆವ್ವ ಇಲ್ಲ ಕಣ್ರವ್ವ

ನಮ್ಮ ಗುಂಡ್ಲುಪೇಟೆ, ಚಾಮರಾಜನಗರ ಕಡೆ ರಾಗಿ ತುಂಬ್ತಿದ್ದ ಹಗೇವು ಈಗ ಹಾಳು ಬಿದ್ದವ. ಹೈಕ ಫೋನು ಹಿಡ್ಕಂಡು, ಸುರಂಗ ನೋಡ್ತೀವಿ ಅಂತ ಇಳೀತಾವ. ನಾವೋ, ‘ಒಳಗ ದೆವ್ವ ಅದ’ ಅಂತೀವಿ. ಅದೇ ತಪ್ಪು! ದೆವ್ವ ಅಂದ್ರ ನೋಡಕ್ಕೇ ಹೋಯ್ತಾವ.

ಕೊಲ್ಲದು ಗಾಳಿ. ಮುಚ್ಚಿದ ಗುಂಡೀಲಿ ಕಾಳು, ಕಸ ಕೊಳ್ತು ಇಂಗಾಲದ ಡೈಆಕ್ಸೈಡ್ ಕಟ್ಕತದ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ತದ. ಬಣ್ಣ ಇಲ್ಲ, ವಾಸನೆ ಇಲ್ಲ. ಅದಕ್ಕೇ ಹಿರೀಕರು ಬಾಯಿ ತೆಗುದು ಸುಮಾರು ಹೊತ್ತು ಬುಟ್ಟು, ದೀಪ ಇಳಿಬುಟ್ಟು ನೋಡ್ತಿದ್ರು; ಆರುದ್ರ ಇಳೀತಿರ್ಲಿಲ್ಲ. ನೀವು ದೀಪ ಉರುದ್ರೂ ನಂಬಬೇಡಿ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳುದ್ರ ಎರಡು ಹೆಣ. 112ಕ್ಕ ಫೋನ್ ಮಾಡಿ.

ಗಂಡಸ್ರು ಮುಚ್ಚಿಸ್ತಾರ ಅಂತ ಕಾಯಬೇಡಿ, ನೀವೇ ನಿಂತು ಮಣ್ಣು ತುಂಬಿಸಿ. ಮಕ್ಕಳಿಗ ದೆವ್ವದ ಕತೆ ಬುಡಿ, ಗಾಳಿ ಕತೆ ಹೇಳಿ.