ತಾಮ್ರದ ಮೇಲೆ ಬರೆದ ಸುಳ್ಳು

ಬೀದರದ ಗಾಂಧಿ ಗಂಜಿನಲ್ಲಿ ತೊಗರಿ ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿ ಕಾಣುವ ಕಾಳನ್ನಷ್ಟೇ ನಂಬುವುದಿಲ್ಲ. ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದು ನೋಡುತ್ತಾನೆ. ಹಳೆಯ ಶಾಸನಗಳನ್ನು ಓದುವ ವಿದ್ವಾಂಸರ ಕೆಲಸವೂ ಹೆಚ್ಚುಕಡಿಮೆ ಇದೇ. ಶಾಸನದಲ್ಲಿಯೂ ಕಲಬೆರಕೆ ಉಂಟೇ ಎಂದು ಮಕ್ಕಳು ಕೇಳಬಹುದು. ಉಂಟು. ಅದಕ್ಕೊಂದು ಹಳೆಯ ಹೆಸರೂ ಇದೆ: ಕೂಟಶಾಸನ.

ಕಾರಣ ಸರಳವಾದುದು. ಅರಸನು ಊರನ್ನೋ ಹೊಲವನ್ನೋ ದಾನ ಕೊಟ್ಟಾಗ ಅದರ ವಿವರವನ್ನು ತಾಮ್ರದ ಹಲಗೆಗಳಲ್ಲಿ ಕೊರೆಸಿ, ಬಳೆಯಲ್ಲಿ ಪೋಣಿಸಿ, ಮುದ್ರೆ ಹಾಕಿ ಕೊಡುತ್ತಿದ್ದನು. ಕಲ್ಲಿನ ಶಾಸನ ಊರ ನಡುವೆ ಎಲ್ಲರ ಕಣ್ಣೆದುರು ನಿಲ್ಲುತ್ತದೆ. ತಾಮ್ರಪಟ ಹಾಗಲ್ಲ, ಅದು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಅದು ಕೈಯಲ್ಲಿದ್ದವನಿಗೆ ಊರಿನ ಉತ್ಪನ್ನ. ಹೀಗಿರುವಾಗ ಆಸೆ ಹುಟ್ಟದಿರುತ್ತದೆಯೇ? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ರಾಜಶಾಸನವನ್ನು ಖೊಟ್ಟಿಯಾಗಿ ಸೃಷ್ಟಿಸುವವನಿಗೆ ಮರಣದಂಡನೆಯನ್ನೇ ವಿಧಿಸಿದೆ.

ಈ ಬಗ್ಗೆ ಸಿಗುವ ಹಳೆಯ ದೂರುಗಳಲ್ಲಿ ಒಂದು, ಬಾದಾಮಿಯ ಇಮ್ಮಡಿ ಪುಲಿಕೇಶಿಯ ಎದುರಾಳಿಯಾಗಿದ್ದ ಹರ್ಷವರ್ಧನನ ಶಾಸನದಲ್ಲಿಯೇ ಇದೆ. ಉತ್ತರ ಪ್ರದೇಶದ ಮಧುಬನದಲ್ಲಿ 1888ರಲ್ಲಿ ದೊರೆತ ಆ ತಾಮ್ರಪಟದ ಕಾಲ ಸುಮಾರು ಕ್ರಿ.ಶ. 631. ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಗ್ರಾಮವನ್ನು ಅನುಭವಿಸುತ್ತಿದ್ದನಂತೆ. ಹರ್ಷನು ಆ ಪಟವನ್ನು ಮುರಿಸಿ, ಗ್ರಾಮವನ್ನು ಕಸಿದುಕೊಂಡು ಬೇರೆ ಇಬ್ಬರಿಗೆ ಕೊಟ್ಟನು. ವಾಮರಥ್ಯನ ಪಾಲಿನ ಮಾತು ಏನಿತ್ತೋ, ಅದನ್ನು ಯಾರೂ ಬರೆದಿಡಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಹರ್ಷನ ಮಿತ್ರ, ಕಾಮರೂಪದ ಅರಸ ಭಾಸ್ಕರವರ್ಮನ ನಿಧಾನಪುರ ತಾಮ್ರಪಟ. ಅವನ ಪೂರ್ವಜನೊಬ್ಬನು ಕೊಟ್ಟಿದ್ದ ದಾನದ ಪಟಗಳು ಬೆಂಕಿಗೆ ಸಿಕ್ಕು ಹಾಳಾಗಿದ್ದವು. ಭಾಸ್ಕರವರ್ಮನು ಹೊಸದಾಗಿ ಬರೆಸಿಕೊಟ್ಟು, ಅಕ್ಷರಗಳ ರೂಪ ಹಳೆಯದರಂತಿಲ್ಲ, ಆದರೂ ಇವು ಕೂಟವಲ್ಲ ಎಂಬ ವಿವರಣೆಯನ್ನು ಅದರಲ್ಲಿಯೇ ಸೇರಿಸಿಸಿದನು. ಅಂದರೆ ಅಕ್ಷರದ ಆಕಾರ ನೋಡಿ ಅನುಮಾನಿಸುವ ಜಾಣರು ಏಳನೆಯ ಶತಮಾನದಲ್ಲಿಯೇ ಇದ್ದರು!

ಇನ್ನು ಕರ್ನಾಟಕಕ್ಕೆ ಬರೋಣ. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರ, ಕುಪ್ಪಗಡ್ಡೆ, ಬೇಗೂರುಗಳಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ದಾನಿ ಬೇರೆ ಯಾರೂ ಅಲ್ಲ, ಮಹಾಭಾರತದ ಜನಮೇಜಯ ಚಕ್ರವರ್ತಿ! ಸರ್ಪಯಾಗದ ಕಾಲದಲ್ಲಿ ಹಸ್ತಿನಾವತಿಯ ಆ ಅರಸ ತುಂಗಭದ್ರೆಯ ತೀರದ ಹರಿಹರದಲ್ಲಿ ಬೀಡುಬಿಟ್ಟು ಊರುಗಳನ್ನು ದಾನ ಮಾಡಿದನೆಂದು ಅವು ಹೇಳುತ್ತವೆ. ತೀರ್ಥಹಳ್ಳಿ ಬಳಿಯ ಭೀಮನಕಟ್ಟೆಯ ಪಟದಲ್ಲಂತೂ ಯುಧಿಷ್ಠಿರ ಶಕ 89 ಎಂಬ ಕಾಲವೇ ಇದೆ. ಮಹಾಭಾರತ ಯುದ್ಧದ ಕಾಲಕ್ಕೆ ಇದೇ ಸಾಕ್ಷಿ ಎಂದು ಇಂದಿಗೂ ವಾದಿಸುವವರಿದ್ದಾರೆ.

ಆದರೆ ಬರೆದವನು ಕೆಲವು ಕಡೆ ಮೈಮರೆತಿದ್ದಾನೆ. ಅಕ್ಷರ ನಾಗರಿ. ನಿಸ್ಸಂದೇಹವಾಗಿ ಓದಲಾಗಿರುವ ಅಶೋಕನ ಬ್ರಾಹ್ಮೀ ಶಾಸನಗಳೇ ಕ್ರಿಸ್ತಪೂರ್ವ ಮೂರನೆಯ ಶತಮಾನದವು. ನಾಗರಿ ರೂಪುಗೊಂಡದ್ದು ಅದಾದ ಎಷ್ಟೋ ಶತಮಾನಗಳ ಮೇಲೆ. ಜನಮೇಜಯನ ಧ್ವಜದಲ್ಲಿ ಚಿನ್ನದ ವರಾಹ! ವರಾಹ ಯಾರ ಲಾಂಛನವೆಂದು ಬೀದರ ಜಿಲ್ಲೆಯ ಮಕ್ಕಳಿಗೆ ಹೇಳಬೇಕಿಲ್ಲ. ಬಸವಕಲ್ಯಾಣದಿಂದ ಆಳಿದ ಚಾಲುಕ್ಯರದು ಅದು. ಅವರ ಶಾಸನಗಳ ಮಾದರಿ ಎದುರಿಗಿಟ್ಟುಕೊಂಡು ಪುರಾಣದ ಅರಸನ ಹೆಸರು ತುಂಬಿದ್ದಾನೆ, ಪುಣ್ಯಾತ್ಮ. ಗೌಜ ಪಟದಲ್ಲಿ ಸೂರ್ಯಗ್ರಹಣದ ಮಾತೂ ಬರುತ್ತದೆ. ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಅದನ್ನು ಲೆಕ್ಕ ಹಾಕಿದಾಗ ಸಿಕ್ಕ ವರ್ಷ ಕ್ರಿ.ಶ. 1521. ಪಟಗಳು ಅದಕ್ಕಿಂತ ಹಿಂದಿನವಿರಬಹುದೇ ಎಂಬ ಚರ್ಚೆ ನಡೆಯಿತಾದರೂ ಜನಮೇಜಯನ ಕಾಲಕ್ಕೆ ಒಯ್ಯಲು ಶಾಸನತಜ್ಞರು ಒಪ್ಪಲಿಲ್ಲ.

ಇಂಥ ಪಟಗಳನ್ನೆಲ್ಲ ಹೆಕ್ಕಿ ಒಂದು ದೊಡ್ಡ ಪಟ್ಟಿ ಮಾಡಿದವರು ಜೆ.ಎಫ್. ಫ್ಲೀಟ್. ಅದು 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಫ್ಲೀಟರಿಗೂ, ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರಿಗೂ ಗಂಗರ ತಾಮ್ರಪಟಗಳ ವಿಷಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಮಡಿಕೇರಿಯ ಖಜಾನೆಯಲ್ಲಿ ಸಿಕ್ಕ ಪಟದಲ್ಲಿ 388 ಎಂಬ ವರ್ಷವಿದೆ. ಶಕವರ್ಷವೆಂದು ತಿಳಿದರೆ ಕ್ರಿ.ಶ. 466. ಆದರೆ ಅದರಲ್ಲಿ ಅಕಾಲವರ್ಷ ಎಂಬ ಹೆಸರು ಬರುತ್ತದೆ. ಅದು ಮುನ್ನೂರು ವರ್ಷಗಳ ಅನಂತರ ಬಂದ ರಾಷ್ಟ್ರಕೂಟ ಕೃಷ್ಣರ ಬಿರುದು. ಫ್ಲೀಟ್ ಹಿಡಿದ ಎಳೆ ಇದೇ.

ಎಳೆ ಸರಿಯಾಗಿತ್ತು. ಎಳೆದದ್ದು ಮಾತ್ರ ತುಸು ಹೆಚ್ಚಾಯಿತು. ಕೆಲವು ಪಟಗಳು ಖೊಟ್ಟಿಯಾದ ಮಾತ್ರಕ್ಕೆ ಗಂಗರ ಮೊದಲ ಅರಸರ ವಂಶಾವಳಿಯೇ ಕಟ್ಟುಕಥೆ ಎಂಬಲ್ಲಿಗೆ ಅವರು ಹೋದರು. ರೈಸ್ ಒಪ್ಪಲಿಲ್ಲ. ಮುಂದೆ ಆಗ ಅನಂತಪುರ ಜಿಲ್ಲೆಯಲ್ಲಿದ್ದ ಪೆನುಗೊಂಡೆಯಿಂದ ಗಂಗ ಮಾಧವನ ತಾಮ್ರಪಟ ಹೊರಬಂತು. ಅದರ ಅಕ್ಷರವನ್ನೂ ಮಾತಿನ ಧಾಟಿಯನ್ನೂ ಪರೀಕ್ಷಿಸಿದ ಫ್ಲೀಟ್, 1917ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆ, ಇದು ಮಾತ್ರ ಅಸಲಿ ಎಂದು ತಾವೇ ಬರೆದರು.